ಎರಡನೆಯ ಪರಿಶೀಲಕ

ಕಿರ್ಯೂ
ಜೂನ್ ೧೮, ೧೯೯೬

ನೊಬು,

ಮಳೆಗಾಲ ಶುರುವಾದ ದಿನವೇ ನಮ್ಮ ಪ್ರಯೋಗಾಲಯದ ಏರ್‌ಕಂಡಿಷನರ್ ಕೈಕೊಟ್ಟಿತು. ತೇವ ತಾಗಿದರೆ ಸಾಕು ಹೊಗೆಯಾಡುವ ಕ್ಲೋರೋಸಿಲೇನ್‌ಗಳನ್ನು ಇಂಥ ಗಾಳಿಯಲ್ಲಿ ಕಾಪಾಡುವುದೆಂದರೆ ಹಸುಗೂಸನ್ನು ಎತ್ತಿಕೊಂಡು ಸಂತೆ ದಾಟಿದ ಹಾಗೆ. ನಿನಗೆ ಇದನ್ನೆಲ್ಲ ವಿವರಿಸಬೇಕಾಗಿಲ್ಲ.

ಪತ್ರಿಕೆಗೆ ಕಳಿಸಿದ್ದ ಪೇಪರ್ ವಾಪಸ್ ಬಂತು. ಎರಡು ವರ್ಷದಿಂದ ನಿನ್ನ ಹತ್ತಿರವೂ ಪೂರ್ತಿ ಬಾಯಿ ಬಿಡದೆ ಬಚ್ಚಿಟ್ಟುಕೊಂಡಿದ್ದ ಕೆಲಸ ಅದು. ಈಗ ಬಚ್ಚಿಡಲು ಏನೂ ಉಳಿದಿಲ್ಲವಾದ್ದರಿಂದ ಹೇಳುತ್ತೇನೆ. ಸಿಲಿಕಾನ್, ಆಮ್ಲಜನಕ, ಮತ್ತೆ ಸಿಲಿಕಾನ್ ಎಂದು ಸಾಗುವ ಸಿಲಾಕ್ಸೇನ್ ಬೆನ್ನೆಲುಬು. ಒಂದು ಬಾಲ, ಎರಡು ಕೈ ಇರುವ ಸಣ್ಣ ತುಣುಕುಗಳು. ಮೊದಲು ಒಂದು ತಿರುಳಿನ ಅಣುವನ್ನು ಫ್ಲಾಸ್ಕಿನಲ್ಲಿ ಕೂರಿಸಿ, ಆಮೇಲೆ ತುಣುಕುಗಳನ್ನು ಹನಿಹನಿಯಾಗಿ ಬಿಡುತ್ತೇನೆ. ಬಾಲ ತಿರುಳನ್ನು ಹಿಡಿಯುತ್ತದೆ, ಕೈಗಳು ಮುಂದಿನ ಬಾಲಗಳನ್ನು ಹಿಡಿಯುತ್ತವೆ, ಕವಲಿಗೆ ಕವಲು ಒಡೆದು ಮರವಾಗುತ್ತದೆ. ತಿರುಳು ಎಷ್ಟು, ತುಣುಕು ಎಷ್ಟು ಎಂದು ನಾವು ತೀರ್ಮಾನಿಸಿದರೆ ಮರ ಅಷ್ಟೇ ಬೆಳೆದು ನಿಲ್ಲುತ್ತದೆ. ನನ್ನ ಪೇಪರಿನ ಒಟ್ಟು ಮಾತು ಇದೇ.

ಹೆಸರು ಹೇಳದ ಇಬ್ಬರು ಪರಿಶೀಲಕರಲ್ಲಿ ಮೊದಲನೆಯವನಿಗೆ ಬಹಳ ಹಿಡಿಸಿತು. ಎರಡನೆಯವನು ನಾಲ್ಕು ಪುಟ ಬರೆದು ಅದನ್ನು ಹೂತುಹಾಕಿದ. ಬಾಲದ ಸಂಕೇತ, ಅಣುವಿನ ಭಾಗಗಳನ್ನು ಗುರುತಿಸುವ ಎನ್‌ಎಂಆರ್‌ನಲ್ಲಿ ಪೂರ್ತಿ ಮಾಯವಾಗಿದೆ, ಆದ್ದರಿಂದ ಎಲ್ಲ ತುಣುಕುಗಳೂ ತಿರುಳಿಗೆ ಸೇರಿವೆ ಎಂದು ನಾನು ಬರೆದಿದ್ದೆ. ತುಣುಕು ತನ್ನ ಬಾಲವನ್ನು ತಾನೇ ಕಚ್ಚಿಕೊಂಡು ಉಂಗುರವಾದರೂ ಬಾಲ ಮಾಯವಾಗುತ್ತದಲ್ಲ ಎಂದು ಅವನ ತಕರಾರು. ತಿರುಳೇ ಇಲ್ಲದ ಉಂಗುರಗಳನ್ನು ಮರವೆಂದು ಎಣಿಸಿದ್ದೀರಿ, ಇದರಲ್ಲಿ ನಿಯಂತ್ರಣ ಎಂಬುದು ಬರೀ ಹಾರೈಕೆ, ಎಂದಿದ್ದಾನೆ. ಯಾವನೋ ಹಲ್ಲುಸೆಟ್ಟಿನ ಮುದುಕನಿರಬೇಕು. ನಾನು ಅವನಿಗೆ ಎರಡನೇ ತಾತ ಎಂದು ಹೆಸರಿಟ್ಟಿದ್ದೇನೆ. ಬೆಳಿಗ್ಗೆ ಮಿಸೊ ಸಾರು ಕುಡಿಯುವಾಗಲೂ ಅವನಿಗೆ ಉತ್ತರ ಕೊಡುತ್ತಿರುತ್ತೇನೆ.

ಪ್ರೊಫೆಸರ್ ಹತ್ಸುಕಾನೊ ವರದಿಯನ್ನು ಬಾಗಿಲಲ್ಲೇ ನಿಂತು ಓದಿ ನನ್ನ ಕೈಗೆ ಹಿಂತಿರುಗಿಸಿದರು. "ಅಕ್ಟೋಬರ್ ಸಭೆಗೆ ಮುಂಚೆ ಇದು ಎಲ್ಲಾದ್ರೂ ಒಪ್ಪಿಗೆ ಆಗ್ಬೇಕಮ್ಮ. ಇಲ್ಲಾಂದ್ರೆ ಕಾಯಂ ಹುದ್ದೆಗೆ ನಿನ್ನ ಹೆಸ್ರನ್ನ ನಾನು ಯಾವ ಮುಖ ಇಟ್ಕೊಂಡು ಎತ್ತಲಿ?" ಅಂದರು. ಮಾರ್ಚಿಗೆ ನನ್ನ ಅವಧಿ ಮುಗಿಯುತ್ತದೆ. ನಲವತ್ತಕ್ಕೆ ಕಾಲಿಟ್ಟ ಹೆಂಗಸನ್ನು ಹೊಸದಾಗಿ ಕರೆಯುವ ವಿಶ್ವವಿದ್ಯಾಲಯ ಈ ದೇಶದಲ್ಲಿಲ್ಲ.

ಈ ವಿಷಯ ಬಲ್ಲವಳು ನೀನೊಬ್ಬಳೇ. ತಾತ ಹೇಳಿದ್ದು ತಪ್ಪು ಎಂದು ಎರಡು ಸಾಲು ಬರೆ. ಸುಳ್ಳಾದರೂ ಅಡ್ಡಿಯಿಲ್ಲ, ಈ ವಾರಕ್ಕೆ ಸಾಕು.

ನಿನ್ನ ದಾರಿ ನೋಡುತ್ತಾ,
ಚಿಜುರು


ಸೈಜೊ, ಹಿರೋಶಿಮಾ
ಜೂನ್ ೨೭, ೧೯೯೬

ಪೂಜ್ಯ ಕುರಮಿತ್ಸು ಗುರುಗಳಿಗೆ,

ನಿಮ್ಮ ಮೊಣಕಾಲು ಈ ತೇವದಲ್ಲಿ ಹೇಗಿದೆಯೋ ಏನೋ. ವಿಚಾರಿಸಿಕೊಳ್ಳದೆ ವರ್ಷವಾಯಿತು, ಈಗ ಕಷ್ಟ ಬಂದಾಗ ಬರೆಯುತ್ತಿದ್ದೇನೆ. ಕ್ಷಮಿಸಿ.

ಚಿಜುರು ಅಕ್ಕನ ಪೇಪರ್ ತಿರಸ್ಕೃತವಾದ ಸುದ್ದಿ ನಿಮಗೂ ಮುಟ್ಟಿರಬಹುದು. ಅದರ ಎರಡನೆಯ ಪರಿಶೀಲಕಿ ನಾನು.

ಮಾರ್ಚ್ ತಿಂಗಳಲ್ಲಿ ಸಂಪಾದಕರ ಲಕೋಟೆ ಬಂದಾಗ ಮೊದಲ ಪುಟದಲ್ಲೇ ಅವಳ ಹೆಸರು ಕಂಡಿತು. ಆಗಲೇ ವಾಪಸ್ ಕಳಿಸಬೇಕಿತ್ತು. ಬೇರೆ ಯಾರೋ ಒರಟಾಗಿ ಬರೆಯುವ ಬದಲು ನಾನೇ ಮೆತ್ತಗೆ ಬರೆಯೋಣ ಎಂದುಕೊಂಡು ಇಟ್ಟುಕೊಂಡೆ. ಓದುತ್ತಾ ಹೋದಂತೆ ಆ ತಪ್ಪು ಕಣ್ಣಿಗೆ ಬಿತ್ತು. ಕಂಡಮೇಲೆ ಕಾಣಲಿಲ್ಲ ಎನ್ನಲು ನನ್ನಿಂದಾಗಲಿಲ್ಲ.

ಇಷ್ಟೇ ಆಗಿದ್ದರೆ ನಿಮಗೆ ಬರೆಯುತ್ತಿರಲಿಲ್ಲ. ಹೇಳಬೇಕಾದದ್ದನ್ನು ಅರ್ಧ ಪುಟದಲ್ಲಿ ಹೇಳಬಹುದಿತ್ತು. ಬರೆಯುತ್ತಾ ಬರೆಯುತ್ತಾ ನನಗೆ ಹುಮ್ಮಸ್ಸು ಬಂತು. ಸೆಂಡೈನಲ್ಲಿ ನಿಮ್ಮ ಪ್ರಯೋಗಾಲಯಕ್ಕೆ ಬಂದಾಗ ಫ್ಲಾಸ್ಕ್ ಹಿಡಿಯುವುದನ್ನು ನನಗೆ ಕಲಿಸಿದವಳು ಅವಳು. ನಾನು ಏನೇ ಮಾಡಿದರೂ, ಅದನ್ನು ಅಕ್ಕ ಹೀಗೆ ಮಾಡುತ್ತಿದ್ದಳು ಎಂದು ಯಾರಾದರೊಬ್ಬರು ಹೇಳುತ್ತಿದ್ದರು. ಹೆಸರಿಲ್ಲದೆ ಬರೆಯುವ ಆ ಕಾಗದದಲ್ಲಿ ಮೊದಲ ಬಾರಿಗೆ ನಾನು ಅವಳಿಗೆ ಪಾಠ ಹೇಳುತ್ತಿದ್ದೆ. ಒಂದೊಂದು ವಾಕ್ಯವನ್ನೂ ಹರಿತ ಮಾಡಿದೆ. 'ಬರೀ ಹಾರೈಕೆ' ಎಂಬ ಮಾತು ಹೊಳೆದಾಗ ಎದ್ದು ಚಹಾ ಮಾಡಿಕೊಂಡು ಬಂದೆ, ಅಷ್ಟು ಖುಷಿ.

ಈಗ ಅವಳು ನನ್ನನ್ನೇ ಸಮಾಧಾನ ಕೇಳುತ್ತಿದ್ದಾಳೆ. ಪರಿಶೀಲಕರು ಯಾರೆಂದು ಹೇಳುವುದು ನಿಯಮಕ್ಕೆ ವಿರುದ್ಧ ಎಂದು ನನಗೆ ಗೊತ್ತು. ಆ ನಿಯಮದ ಹಿಂದೆ ಬಚ್ಚಿಟ್ಟುಕೊಳ್ಳಲು ಎಷ್ಟು ಹಾಯಾಗಿದೆ ಎಂಬುದೂ ಗೊತ್ತಾಗುತ್ತಿದೆ. ನಾನೇನು ಮಾಡಲಿ?

ನಿಮ್ಮ ವಿದ್ಯಾರ್ಥಿನಿ,
ಒಕಿತ್ಸು ನೊಬುಯೆ


ಸೆಂಡೈ
ಜುಲೈ ೪, ೧೯೯೬

ಒಕಿತ್ಸು,

ಮೊಣಕಾಲು ಹಾಗೇ ಇದೆ. ಅದರ ಚಿಂತೆ ಬಿಡು.

ಗುಟ್ಟು ಪತ್ರಿಕೆಯದು, ಅದನ್ನು ಒಡೆ ಎಂದು ನಾನು ಹೇಳಲಾರೆ. ಒಡೆಯಬೇಡ ಎಂದರೆ ನೀನು ನನ್ನ ಮಾತನ್ನು ಕಂಬಳಿಯಂತೆ ಹೊದ್ದು ಮಲಗುತ್ತೀಯೆ, ಅದಕ್ಕೂ ನಾನು ಸಿದ್ಧನಿಲ್ಲ.

ನೀನು ಎತ್ತಿದ ತಕರಾರು ಸರಿಯೋ ತಪ್ಪೋ? ಸರಿ ಎಂದಾದರೆ ಅದನ್ನೇ ನಿನ್ನ ಹೆಸರು ಹಾಕಿ ಅವಳಿಗೆ ಬರೆ. ಸಭೆಗೆ ಇನ್ನೂ ಸಮಯವಿದೆ, ಅವಳು ತಿದ್ದಿಕೊಂಡಾಳು. ಸಮಾಧಾನ ಮಾತ್ರ ಹೇಳಬೇಡ. ಅದಕ್ಕೆ ನಿನಗೆ ಈಗ ಹಕ್ಕಿಲ್ಲ.

ಕುರಮಿತ್ಸು


ಸೈಜೊ
ಜುಲೈ ೧೫, ೧೯೯೬

ಚಿಜುರು ಅಕ್ಕ,

ಉತ್ತರ ತಡವಾಯಿತು. ಪರೀಕ್ಷೆಗಳಿದ್ದವು ಎಂದು ನೆಪ ಹೇಳಬಹುದು, ಹೇಳುವುದಿಲ್ಲ. ಏನು ಬರೆಯಬೇಕೆಂದು ತಿಳಿಯಲಿಲ್ಲ.

ನಿನ್ನ ಕೆಲಸ ದೊಡ್ಡದು. ಹಾಗೆ ಮರ ಬೆಳೆಸಬಹುದೆಂದು ನನಗೆ ಹೊಳೆದಿರಲಿಲ್ಲ. ಆದರೆ ಆ ಪರಿಶೀಲಕರು, ಅವರು ಯಾರಾದರೂ ಆಗಲಿ, ಉಂಗುರದ ವಿಷಯದಲ್ಲಿ ಹೇಳಿದ್ದರಲ್ಲಿ ಹುರುಳಿದೆ ಎನಿಸುತ್ತದೆ. ಬಾಲ ಕಾಣದಿರುವುದು ಎರಡಕ್ಕೂ ಸಾಕ್ಷಿಯಾಗುತ್ತದೆ, ಆದ್ದರಿಂದ ಯಾವುದಕ್ಕೂ ಸಾಕ್ಷಿಯಾಗುವುದಿಲ್ಲ.

ಒಂದು ದಾರಿ ಇದೆ. ತಿರುಳಿಗೆ ಒಂದು ಗುರುತು ಹಾಕು, ನೇರಳಾತೀತ ಬೆಳಕನ್ನು ಹೀರುವಂಥದ್ದು. ಆಮೇಲೆ ಮರಗಳನ್ನು, ಅಂದರೆ ಪಾಲಿಮರನ್ನು, ಕಾಲಮ್ ಕೊಳವೆಯಲ್ಲಿ ಗಾತ್ರದ ಪ್ರಕಾರ ಬೇರ್ಪಡಿಸು. ಚಿಕ್ಕದು ದೊಡ್ಡದು ಎನ್ನದೆ ಎಲ್ಲದರಲ್ಲೂ ಗುರುತು ಕಂಡರೆ ಎಲ್ಲಕ್ಕೂ ತಿರುಳಿದೆ ಎಂದರ್ಥ. ಆಗ ಯಾವ ತಾತನೂ ಬಾಯಿ ತೆರೆಯಲಾರ.

ಸೆತೋದಾದ ನಿಂಬೆ ಮಿಠಾಯಿ ಕಳಿಸುತ್ತಿದ್ದೇನೆ. ಹುಳಿ ಇದೆ, ಸೆಖೆಗೆ ಒಳ್ಳೆಯದು. ಊಟ ಬಿಡಬೇಡ.

ನಿನ್ನವಳು,
ನೊಬುಯೆ


ಕಿರ್ಯೂ
ಸೆಪ್ಟೆಂಬರ್ ೩೦, ೧೯೯೬

ನೊಬು,

ಜುಲೈನಲ್ಲಿ ನಿನ್ನ ಪತ್ರ ಓದಿ ಸಿಟ್ಟು ಬಂದಿತ್ತು. ಇವಳೂ ತಾತನ ಕಡೆಯೇ ಎಂದು ಮಿಠಾಯಿ ಡಬ್ಬಿಯನ್ನು ಮುಚ್ಚಳ ತೆಗೆಯದೆ ಕೆಳಗಿನ ಉದೋನ್ ಶ್ಯಾವಿಗೆ ಅಂಗಡಿಯವರಿಗೆ ಕೊಟ್ಟೆ. ಒಂದು ವಾರ ಕಳೆದಮೇಲೆ ಗುರುತು ಹಾಕಿದ ತಿರುಳನ್ನು ತಯಾರಿಸಲು ಕೂತೆ.

ಆಗಸ್ಟ್ ಪೂರ್ತಿ ಅದರಲ್ಲೇ ಹೋಯಿತು. ಓಬೋನ್ ಹಬ್ಬದ ರಜೆಗೆ ಎಲ್ಲರೂ ಊರಿಗೆ ಹೋದಾಗ ಇಡೀ ಕಟ್ಟಡದಲ್ಲಿ ನಾನು ಮತ್ತು ಹನಿ ಬಿಡುವ ಸಿರಿಂಜ್ ಪಂಪು. ಕೊನೆಗೆ ಕಾಲಮ್ಮಿನಿಂದ ಎರಡು ಗೆರೆಗಳು ಹೊರಬಂದವು, ಒಂದು ಒಟ್ಟು ಪಾಲಿಮರಿನದು, ಇನ್ನೊಂದು ಗುರುತಿನದು. ದೊಡ್ಡ ಅಣುಗಳಲ್ಲಿ ಎರಡೂ ಜೊತೆಜೊತೆಯಾಗಿ ಏರಿದವು. ಚಿಕ್ಕವುಗಳ ಕಡೆಗೆ ಬಂದಾಗ ಗುರುತಿನ ಗೆರೆ ನೆಲಕ್ಕೆ ಬಿತ್ತು, ಪಾಲಿಮರಿನದು ಹಾಗೇ ಮುಂದುವರಿಯಿತು. ಹತ್ತಿರ ಹತ್ತಿರ ಮೂರರಲ್ಲೊಂದು ಪಾಲಿಗೆ ತಿರುಳೇ ಇಲ್ಲ. ಉಂಗುರಗಳು. ತಾತ ಹೇಳಿದ್ದು ಸರಿ. ನೀನು ಹೇಳಿದ್ದು ಸರಿ.

ಪ್ರೊಫೆಸರಿಗೆ ತೋರಿಸಿದೆ. ಬಹಳ ಹೊತ್ತು ನೋಡಿ, ಕನ್ನಡಕ ತೆಗೆದು ಒರೆಸಿಕೊಂಡರು.

"ಈ ಗುರುತಿನ ಪ್ರಯೋಗನ ಯಾರ್ ನೋಡಿದಾರೆ? ನೀನು, ನಾನು. ಇದನ್ನ ಪಕ್ಕಕ್ಕಿಟ್ಟು ಹಳೇದನ್ನೇ ಬೇರೆ ಪತ್ರಿಕೆಗೆ ಕಳ್ಸಮ್ಮ. ಅಲ್ಲಿ ಇಷ್ಟೆಲ್ಲ ಕೆದಕೋರು ಇರಲ್ಲ. ಕಾಯಂ ಆದ್ಮೇಲೆ ನಿಧಾನಕ್ಕೆ ಸರಿ ಮಾಡ್ಕೊ."

"ನಾನು ನೋಡ್ಬಿಟ್ಟಿದೀನಲ್ಲ, ಗುರುಗಳೇ," ಎಂದೆ.

ಅವರು ಕೆಟ್ಟವರಲ್ಲ, ನೊಬು. ನನಗಾಗಿಯೇ ಹೇಳಿದರು. ಆದರೆ ನಾನು ಕಳಿಸಲಿಲ್ಲ. ಮೊನ್ನೆ ಸಮಿತಿಯವರು ಮುಂಚಿತವಾಗಿ ವಿಚಾರಿಸಲು ಕರೆದಾಗ, ಪೇಪರಿನಲ್ಲಿ ತಪ್ಪಿದೆ, ಇನ್ನೆಲ್ಲಿಗೂ ಕಳಿಸುವುದಿಲ್ಲ ಎಂದು ನಾನೇ ಹೇಳಿ ಬಂದೆ. ಹುದ್ದೆ ಟೋಕಿಯೊದಿಂದ ಬರುವ ಒಬ್ಬ ಹುಡುಗನಿಗೆ ಹೋಗುತ್ತದಂತೆ. ಹೊರಗೆ ಬಂದು ಸೈಕಲ್ಲಿನ ಬೀಗ ತೆಗೆಯಲು ಹೋದರೆ ನಾಲ್ಕು ಅಂಕಿಗಳು ಮರೆತುಹೋಗಿದ್ದವು, ಕೊನೆಗೆ ನಡೆದುಕೊಂಡೇ ಮನೆಗೆ ಬಂದೆ.

ನಿನಗೆ ಒಂದು ಮಾತು ಹೇಳಬೇಕು. ತಾತನೂ ನೀನೂ ಹೇಳಿದ್ದು ಒಂದೇ. ಆದರೆ ಅವನು ಹೆಸರಿಲ್ಲದ ಕಾಗದದ ಹಿಂದೆ ಕೂತು ನನ್ನನ್ನು ಆಡಿಕೊಂಡ. ನೀನು ಮುಖ ಕೊಟ್ಟು, ಸಿಟ್ಟಾಗುತ್ತೇನೆಂದು ಗೊತ್ತಿದ್ದೂ ಹೇಳಿದೆ. ಅವನ ಮಾತಿನಿಂದ ನಾನು ಮೊಂಡು ಹಿಡಿದೆ, ನಿನ್ನ ಮಾತಿನಿಂದ ಪ್ರಯೋಗ ಮಾಡಿದೆ. ಹುದ್ದೆ ಹೋಯಿತು, ಹೋಗಲಿ. ಇಂಥವಳೊಬ್ಬಳು ನನಗಿದ್ದಾಳೆ ಎಂದು ಗೊತ್ತಾಯಿತು.

ಮಿಠಾಯಿ ಇನ್ನೊಂದು ಡಬ್ಬಿ ಕಳಿಸು. ಈ ಸಲ ನಾನೇ ತಿನ್ನುತ್ತೇನೆ.

ಪ್ರೀತಿಯಿಂದ,
ಚಿಜುರು


ಸೈಜೊ
ಅಕ್ಟೋಬರ್ ೯, ೧೯೯೬

ಚಿಜುರು ಅಕ್ಕ,

ಆ ತಾತ ನಾನೇ.

ಇದಕ್ಕಿಂತ ಮೆಲ್ಲಗೆ ಹೇಳುವ ದಾರಿ ಹುಡುಕುತ್ತಾ ಕಾಗದ ಹರಿದದ್ದಾಯಿತು. ಆ ನಾಲ್ಕು ಪುಟ ನನ್ನವು. 'ಬರೀ ಹಾರೈಕೆ' ನನ್ನ ಮಾತು. ನಿನ್ನ ಹೆಸರು ನೋಡಿಯೂ ವಾಪಸ್ ಕಳಿಸದೆ ಇಟ್ಟುಕೊಂಡವಳು ನಾನು. ಜುಲೈನಲ್ಲಿ 'ಅವರು ಯಾರಾದರೂ ಆಗಲಿ' ಎಂದು ಬರೆದೆನಲ್ಲ, ಆಗ ಆ ವರದಿಯ ನಕಲು ನನ್ನ ಮೇಜಿನ ಖಾನೆಯಲ್ಲೇ ಇತ್ತು.

ತಕರಾರು ಸರಿಯಾಗಿತ್ತು ಎಂಬುದರ ಆಸರೆ ಹಿಡಿದು ಇಷ್ಟು ದಿನ ನಿಂತಿದ್ದೆ. ನೀನು ಸಮಿತಿಯ ಮುಂದೆ ಒಬ್ಬಳೇ ನಿಂತು ಹೇಳಿದ್ದನ್ನು ಓದಿದಮೇಲೆ ಆ ಆಸರೆ ಉಳಿಯಲಿಲ್ಲ. ಸರಿಯಾದದ್ದನ್ನು ನಾನು ಕೆಟ್ಟ ಖುಷಿಯಿಂದ ಹೇಳಿದೆ. ಆಮೇಲೆ ನಿನ್ನ ಕಣ್ಣೀರಿಗೆ ಕೈವಸ್ತ್ರ ಹಿಡಿದೆ. ನೀನು ನನ್ನನ್ನು ಹೊಗಳಿದ ಆ ಸಾಲುಗಳನ್ನು ಮತ್ತೊಮ್ಮೆ ಓದಲು ನನ್ನಿಂದಾಗಲಿಲ್ಲ.

ಸಂಪಾದಕರಿಗೂ ಬರೆದಿದ್ದೇನೆ, ಇನ್ನು ಮುಂದೆ ನನಗೆ ಯಾವ ಪೇಪರನ್ನೂ ಕಳಿಸಬೇಡಿ ಎಂದು. ಅದರಿಂದ ನಿನಗೇನೂ ಆಗಬೇಕಾದದ್ದಿಲ್ಲ.

ಇಲ್ಲಿ ನಮ್ಮಲ್ಲಿ ಒಂದು ತಾತ್ಕಾಲಿಕ ಜಾಗ ತೆರವಾಗಬಹುದು. ನೀನು ಒಪ್ಪಿದರೆ ನಾನು

ಇಲ್ಲ, ಅದನ್ನು ಹೇಳುವುದಿಲ್ಲ. ಹೊಡೆದು ಹಾಕಿ ಬೇರೆ ಕಾಗದ ತೆಗೆಯಬೇಕಿತ್ತು. ಹಾಗೇ ಬಿಡುತ್ತೇನೆ. ನಾನು ಎಷ್ಟು ಬೇಗ ನಿನ್ನ ಮೇಲೆ ಉಪಕಾರ ಹೊರಿಸಿ ಹಗುರಾಗಲು ನೋಡುತ್ತೇನೆ ಎಂಬುದು ನಿನಗೂ ಕಾಣಲಿ.

ನೊಬುಯೆ


ಸೆಂಡೈ
ಡಿಸೆಂಬರ್ ೧೫, ೧೯೯೬

ಒಕಿತ್ಸು,

ನೀನು ಎರಡು ಸಲ ಬರೆದು ಕೇಳಿದೆ, ಸೆಗಾವಾ ಚಿಜುರು ಹೇಗಿದ್ದಾಳೆ ಎಂದು. ಹಿಂದಿನ ಭಾನುವಾರ ಬಂದಿದ್ದಳು. ಹೊರಗೆ ಹಿಮ ಬೀಳುತ್ತಿತ್ತು. ಬಿಸಿ ಮೇಜಿನ ಕೊತತ್ಸು ಹೊದಿಕೆಯೊಳಗೆ ಕಾಲು ತೂರಿಸಿ ಕೂತು, ನನ್ನ ಹೆಂಡತಿ ಹಾಕಿದ ಎಲೆಕೋಸಿನ ಉಪ್ಪಿನಕಾಯಿ ಅರ್ಧ ಬಟ್ಟಲು ಖಾಲಿ ಮಾಡಿದಳು. ಊಟ ಮಾಡುತ್ತಿದ್ದಾಳೆ ಎಂದು ಇದರಿಂದ ತಿಳಿದುಕೋ.

ನಿನ್ನ ಮಾತು ನಾನಾಗಿ ತೆಗೆಯಲಿಲ್ಲ. ಅವಳೇ ತೆಗೆದಳು. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.

"ನಾಲ್ಕು ಪುಟಕ್ಕೆ ನಂಗೆ ಕೋಪ ಇಲ್ಲ, ಗುರುಗಳೇ. ಅವ್ಳ ಜಾಗದಲ್ಲಿ ನಾನಿದ್ದಿದ್ರೆ ಐದು ಬರೀತಿದ್ದೆ. ಆದ್ರೆ ನಾನು ಅವ್ಳಿಗೆ ಮಿಸೊ ಸಾರು ಕುಡಿಯೋದನ್ನೂ ಬಿಡ್ದೆ ಬರೀತಿದ್ದೆ. ಅದನ್ನೆಲ್ಲ ಓದ್ಕೊಂಡು ಅಷ್ಟು ತಿಂಗ್ಳು ಸುಮ್ನಿದ್ಲಲ್ಲ. ಮುಚ್ಚಿಟ್ಟಿದ್ರೆ ಕೊನೇವರ್ಗೂ ಮುಚ್ಚಿಡ್ಬೇಕಿತ್ತು. ಈಗ ಅವ್ಳ ಭಾರಾನೂ ನಾನೇ ಹೊರ್ಬೇಕಾ?"

ಜುಲೈನಲ್ಲಿ ನಿನಗೆ ಬರೆದ ಉತ್ತರ ಜಾಣತನದ್ದಾಗಿತ್ತು, ಅಷ್ಟೇ ಎಂದು ಆಗ ಅನಿಸಿತು. ಗುಟ್ಟು ಗೊತ್ತಿದ್ದ ಎರಡನೆಯವನು ನಾನು. ಅದನ್ನು ಅವಳಿಗೆ ಹೇಳಿದೆ. ಅವಳು ಎದ್ದು, ಮೊದಲು ಸಿಕ್ಕ ರೈಲಿಗೆ ಹೊರಟುಬಿಟ್ಟಳು. ಕೊಡೆ ಇಲ್ಲೇ ಉಳಿದಿದೆ.

ಅಶಿಕಾಗಾದಲ್ಲಿ ಒಂದು ಸಣ್ಣ ಕಾರ್ಖಾನೆ ಸೇರುತ್ತಾಳಂತೆ, ರಬ್ಬರ್ ಅಚ್ಚುಗಳಿಗೆ ಹಚ್ಚುವ ಎಣ್ಣೆ ಮಾಡುವವರು. ಅವಳಿಗೆ ಬರೆಯಬೇಡ. ಬರೆದರೆ ಅವಳು ಓದಬೇಕಾಗುತ್ತದೆ.

ಕುರಮಿತ್ಸು


ಅಶಿಕಾಗಾ
ಏಪ್ರಿಲ್ ೨೧, ೧೯೯೭

ಮಾನ್ಯ ಒಕಿತ್ಸು ಅವರಿಗೆ,

ಚೆರ್ರಿ ಹೂಗಳು ಉದುರಿ ಎಲೆ ಚಿಗುರಿರುವ ಈ ದಿನಗಳಲ್ಲಿ ನೀವು ಕ್ಷೇಮವೆಂದು ಭಾವಿಸುತ್ತೇನೆ.

ನಾನು ಕೆಲಸ ಮಾಡುವ ಸಂಸ್ಥೆಯ ಮಾಲೀಕರ ಅನುಮತಿಯಿಂದ, ಶನಿವಾರಗಳಂದು ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ ಹಳೆಯ ಕೆಲಸ ಮುಂದುವರಿಸಿದ್ದೇನೆ. ತುಣುಕಿನ ಕೈಗಳನ್ನು ಬದಲಿಸಿದ್ದೇನೆ. ಈಗಿನವು ಬಾಗಿ ತಮ್ಮ ಬಾಲವನ್ನು ಮುಟ್ಟಲಾರದಷ್ಟು ಬಿಗಿಯಾಗಿವೆ. ಮೂರು ಗಾತ್ರದ ಮಾದರಿಗಳು ಸಿದ್ಧವಿವೆ. ಅವುಗಳ ಕವಲುಗಳನ್ನು ಎಣಿಸಲು ಸಿಲಿಕಾನ್ ಎನ್‌ಎಂಆರ್ ಬೇಕು. ನಿಮ್ಮ ವಿಭಾಗದ ಯಂತ್ರವನ್ನು ಹೊರಗಿನವರಿಗೂ ಒದಗಿಸುತ್ತೀರೆಂದು ತಿಳಿಯಿತು. ನಿಯಮದಂತೆ ಅರ್ಜಿ ಲಗತ್ತಿಸಿದ್ದೇನೆ. ನಿಮ್ಮಲ್ಲಿನ ಯಾರು ಮಾಡಿಕೊಟ್ಟರೂ ಆದೀತು.

ನಿಮ್ಮ ವಿಶ್ವಾಸಿ,
ಸೆಗಾವಾ ಚಿಜುರು


ಸೈಜೊ
ಮೇ ೧೨, ೧೯೯೭

ಮಾನ್ಯ ಸೆಗಾವಾ ಅವರಿಗೆ,

ಮಾದರಿಗಳು ಸುರಕ್ಷಿತವಾಗಿ ತಲುಪಿದವು. ಯಂತ್ರ ನಡೆಸುವ ಸಿಬ್ಬಂದಿ ಇದ್ದಾರೆ, ಆದರೂ ಅಳತೆಯನ್ನು ನಾನೇ ಮಾಡಿದೆ. ನಿಮಗೆ ಇದು ಒಪ್ಪಿಗೆಯಿಲ್ಲದಿದ್ದರೆ ದಯವಿಟ್ಟು ತಿಳಿಸಿ, ಬೇರೆಯವರಿಂದ ಮತ್ತೆ ಮಾಡಿಸುತ್ತೇನೆ.

ಸಿಲಿಕಾನಿನ ಸಂಕೇತ ಬಹಳ ಕ್ಷೀಣ, ಒಂದೊಂದು ಮಾದರಿಗೂ ಇಡೀ ಹಗಲು ಬೇಕಾಯಿತು. ಪಕ್ಕದಲ್ಲೇ ಕೂತಿದ್ದೆ. ಬೇರೆ ಕೆಲಸ ಮಾಡಬಹುದಿತ್ತು, ಮನಸ್ಸು ಬರಲಿಲ್ಲ. ಸಂಜೆಯ ಹೊತ್ತಿಗೆ ಪರದೆಯ ಗೀಚುಗೆರೆಗಳ ಗದ್ದಲದ ನಡುವಿನಿಂದ ಒಂದೊಂದೇ ಶಿಖರ ಮೇಲೆದ್ದು ಬಂತು. ತುದಿಯ ಸಿಲಿಕಾನ್ ಬೇರೆ, ನಡುವಿನದು ಬೇರೆ, ಕವಲೊಡೆದದ್ದು ಬೇರೆ. ಮೂರೂ ಮಾದರಿಗಳಲ್ಲಿ ತಿರುಳಿನ ಸಂಕೇತ ನೀವು ಲೆಕ್ಕ ಹಾಕಿದಷ್ಟೇ ಇದೆ. ನೀವು ಬಯಸಿದ ಗಾತ್ರಕ್ಕೇ ಮರ ನಿಂತಿದೆ. ಇಷ್ಟು ಅಚ್ಚುಕಟ್ಟಾದ ಸಿಲಾಕ್ಸೇನ್ ಮರವನ್ನು ನಾನು ಈವರೆಗೆ ಕಂಡಿಲ್ಲ.

ಇನ್ನೊಂದನ್ನೂ ಬರೆಯಬೇಕಾಗಿದೆ. ಅತಿ ಚಿಕ್ಕ ಮಾದರಿಯಲ್ಲಿ, ಅಳತೆಪಟ್ಟಿಯ ಮೈನಸ್ ಇಪ್ಪತ್ತೆರಡರ ಹತ್ತಿರ, ಯಾವುದಕ್ಕೂ ಸೇರದ ಒಂದು ಸಣ್ಣ ಶಿಖರವಿದೆ. ಉಂಗುರವಿರಬಹುದು. ಅಲ್ಲದೆಯೂ ಇರಬಹುದು. ಅದನ್ನು ಹೇಳದೆ ಬಿಟ್ಟರೆ ನಿಮಗೆ ಸಂತೋಷವಾಗುತ್ತಿತ್ತೇನೋ ಎಂದು ಒಂದು ದಿನ ಯೋಚಿಸಿದೆ. ಬಾಣದ ಗುರುತು ಹಾಕಿ, ಪಕ್ಕದಲ್ಲಿ ನನ್ನ ಸಹಿ ಹಾಕಿ ಕಳಿಸುತ್ತಿದ್ದೇನೆ.

ಒಕಿತ್ಸು ನೊಬುಯೆ


ಅಶಿಕಾಗಾ
ಮೇ ೨೦, ೧೯೯೭

ನೊಬು,

ಅದು ಉಂಗುರವಲ್ಲ, ಗ್ರೀಸು. ಆ ಜಾಗದಲ್ಲಿ ಬರುವುದು ಗಾಜಿನ ಕೀಲುಗಳಿಗೆ ಹಚ್ಚುವ ಸಿಲಿಕೋನ್ ಗ್ರೀಸೇ. ಮಾದರಿಯನ್ನು ಕೊಳವೆಗೆ ಹಾಕುವಾಗ ಮತ್ತೆ ಬೆಣ್ಣೆ ಸವರಿದ ಹಾಗೆ ಮೆತ್ತಿರುತ್ತೀಯೆ. ಸೆಂಡೈನಲ್ಲಿ ಬಾಯಿ ನೋಯುವಷ್ಟು ಸಲ ಹೇಳಿದ್ದೆ, ಕೇಳಲಿಲ್ಲ. ಇಷ್ಟು ವರ್ಷದ ಪ್ರೊಫೆಸರ್‌ಗಿರಿಯಲ್ಲಿ ಇಷ್ಟಾದರೂ ಕಲಿಯಬಾರದೆ?

ಅದೊಂದನ್ನು ನನ್ನ ಕೈಯಾರೆ ತೊಳೆದು ಮತ್ತೆ ಅಳೆಯಬೇಕು. ಶುಕ್ರವಾರ ರಜೆ ಹಾಕಿ ಬರುತ್ತಿದ್ದೇನೆ. ಯಂತ್ರ ಖಾಲಿ ಇಟ್ಟಿರು.

ನಿಲ್ದಾಣಕ್ಕೆ ಬರಬೇಡ. ವಿಭಾಗಕ್ಕೆ ದಾರಿ ಕೇಳಿಕೊಂಡು ಬರುತ್ತೇನೆ. ನಿನ್ನನ್ನು ದೂರದಿಂದ ನೋಡಿ ಕೈ ಬೀಸುವಷ್ಟು ನನ್ನಿಂದ ಇನ್ನೂ ಆಗುವುದಿಲ್ಲ. ಕೆಲಸ ಮಾಡುತ್ತಾ ಪಕ್ಕದಲ್ಲಿ ನಿಲ್ಲುವಷ್ಟು ಆಗಬಹುದು.

ಚಿಜುರು